ಕಿವಿಯೊಳಗಿನ ಸದ್ದಿಗೆ ಒಬ್ಬನೇ ಸಾಕ್ಷಿ

ಮನುಷ್ಯನಿಗೆ ಬರುವ ಕಾಯಿಲೆಗಳಲ್ಲಿ ಎರಡು ಬಗೆ. ಒಂದು ಬಗೆಯ ಕಾಯಿಲೆಗೆ ಸಾಕ್ಷಿಗಳಿರುತ್ತಾರೆ. ಜ್ವರ ಬಂದರೆ ಹಣೆ ಮುಟ್ಟಿದವರಿಗೆಲ್ಲ ಗೊತ್ತಾಗುತ್ತದೆ. ಮೂಳೆ ಮುರಿದರೆ ಎಕ್ಸ್‌ರೇ ಹಾಳೆ ಹೇಳುತ್ತದೆ. ಸಕ್ಕರೆ ಕಾಯಿಲೆಯನ್ನು ರಕ್ತದ ಒಂದು ಹನಿ ಬಯಲು ಮಾಡುತ್ತದೆ. ಇಂತಹ ಕಾಯಿಲೆಯವರು ತಮ್ಮ ನೋವು ನಿಜವೆಂದು ಯಾರೆದುರೂ ವಾದಿಸಬೇಕಾಗಿಲ್ಲ. ಇನ್ನೊಂದು ಬಗೆಯ ಕಾಯಿಲೆಗೆ ಇರುವುದು ಒಬ್ಬನೇ ಸಾಕ್ಷಿ. ಅದು ಯಾರಿಗೆ ಬಂದಿದೆಯೋ ಅವನೇ. ಅವನು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ಹೇಳಿದರೂ ಕೇಳಿದವರು ನಂಬಬೇಕು.

ಕಿವಿಮೊರೆತ ಈ ಎರಡನೆಯ ಬಗೆಯದು. ವೈದ್ಯರು ಇದನ್ನು ಟಿನ್ನಿಟಸ್ ಎನ್ನುತ್ತಾರೆ. ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯಲ್ಲೋ ತಲೆಯೊಳಗೋ ಸದ್ದು ಕೇಳಿಸುತ್ತಿರುವ ಸ್ಥಿತಿ ಇದು. ಕೆಲವರಿಗೆ ಅದು ಜೀರುಂಡೆಯ ಸದ್ದು, ಕೆಲವರಿಗೆ ಕುಕ್ಕರ್ ಸೀಟಿ ಹಾಕುವ ಮೊದಲು ಬರುವಂತಹ ಸುಂಯ್ ಎಂಬ ಸದ್ದು, ಇನ್ನು ಕೆಲವರಿಗೆ ಬೀದಿಯ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿದ ಹಾಗೆ. ಪ್ರಾಚೀನರಿಗೂ ಇದು ಗೊತ್ತಿತ್ತು. ಆಯುರ್ವೇದ ಇದನ್ನು ಕರ್ಣನಾದ ಎಂದು ಕರೆದು, ರೋಗಿಗೆ ಭೇರಿ, ಮೃದಂಗ, ಶಂಖಗಳಂತಹ ಧ್ವನಿ ಕೇಳುತ್ತದೆ ಎಂದಿದೆ. ಯುನಾನಿ ಹಕೀಮರು ತೆಳುವಾದ, ಚೂಪಾದ ಸದ್ದಿಗೆ ತನೀನ್ ಎಂದೂ ಭಾರವಾದ ಗುಂಗಿಗೆ ದವೀ ಎಂದೂ ಬೇರೆ ಬೇರೆ ಹೆಸರಿಟ್ಟರು. ಸಂಗೀತಗಾರ ಬೀಥೋವನ್ 1801ರಲ್ಲಿ ತನ್ನ ವೈದ್ಯ ಮಿತ್ರ ವೆಗೆಲರ್‌ಗೆ ಬರೆದ ಪತ್ರದಲ್ಲಿ ಹಗಲಿರುಳೂ ತನ್ನನ್ನು ಬಿಡದ ಕಿವಿಯ ಸದ್ದಿನ ಬಗ್ಗೆ ದೂರಿಕೊಂಡಿದ್ದಾನೆ.

ವೈದ್ಯಶಾಸ್ತ್ರ ಹೆಸರು ಕೊಟ್ಟಿತು. ಆದರೆ ನಮ್ಮ ಮಾತುಕತೆ ಏನು ಮಾಡಿತು? ಉರ್ದುವಿನಲ್ಲಿ 'ಕಾನ್ ಬಜ್‌ನಾ' ಎಂಬ ನುಡಿಗಟ್ಟು ಇದೆ. ಕಿವಿ ಗುಂಯ್‌ಗುಟ್ಟುವುದು ಎಂಬುದು ಅದರ ಒಂದು ಅರ್ಥ. ಇಲ್ಲದ್ದನ್ನು ಕೇಳಿಸಿಕೊಂಡೆ ಎಂದು ಭ್ರಮಿಸುವುದು ಇನ್ನೊಂದು ಅರ್ಥ. ಯಾರೋ ಬಾಗಿಲು ತಟ್ಟಿದಂತಾಯಿತು ಎಂದು ಮುದುಕಿ ಎದ್ದು ಹೋದರೆ ಮನೆಯವರು ನಗುತ್ತ ಹೇಳುವುದು ಇದೇ ಮಾತನ್ನು. ಅಂದರೆ ಕಾಯಿಲೆಗೂ ಭ್ರಮೆಗೂ ಭಾಷೆಯಲ್ಲಿ ಒಂದೇ ಹೆಸರು. ಕಿವಿಮೊರೆತ ಇರುವವನು ತನ್ನ ಕಷ್ಟ ಹೇಳಿಕೊಳ್ಳಲು ಬಾಯಿ ತೆರೆಯುವ ಮೊದಲೇ ಅವನ ಮೇಲೆ ಅನುಮಾನದ ನೆರಳು ಬಿದ್ದಿರುತ್ತದೆ.

ಇದು ಕೇವಲ ವೈದ್ಯಕೀಯ ವಿಷಯವಲ್ಲ, ನೈತಿಕ ಪ್ರಶ್ನೆ ಎಂದು ನನಗೆ ಅನಿಸುವುದು ಇಲ್ಲಿಯೇ. ನಮಗೆ ಕೇಳಿಸದ, ಎಂದೂ ಕೇಳಿಸಲಾರದ ಇನ್ನೊಬ್ಬರ ಸದ್ದನ್ನು ನಾವು ಅಳೆಯುವುದು ಹೇಗೆ? ಅಳೆಯಲು ಆಗದಿದ್ದರೆ ಅವರಿಗೆ ನಾವು ಸಲ್ಲಿಸಬೇಕಾದದ್ದು ಏನು?

ಇದು ಯಾರೋ ಕೆಲವರ ಪಾಡು ಎಂದು ತಳ್ಳಿಹಾಕುವಂತಿಲ್ಲ. ಜಗತ್ತಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಜಾಮಾ ನ್ಯೂರಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಜನ ಒಂದಲ್ಲ ಒಂದು ಪ್ರಮಾಣದ ಕಿವಿಮೊರೆತ ಅನುಭವಿಸಿದ್ದಾರೆ. ನೂರಕ್ಕೆ ಸುಮಾರು ಇಬ್ಬರಿಗೆ ಅದು ತೀವ್ರ ಸ್ವರೂಪದ್ದು. ಒಂದು ಮದುವೆಯ ಊಟಕ್ಕೆ ಐನೂರು ಜನ ಸೇರಿದರೆ ಅವರಲ್ಲಿ ಹತ್ತು ಮಂದಿ ಈ ಸದ್ದಿನಿಂದ ತತ್ತರಿಸುತ್ತಿರಬಹುದು. ಬಿರಿಯಾನಿ ಬಡಿಸುವವರಿಗಾಗಲಿ ಪಕ್ಕದಲ್ಲಿ ಕುಳಿತವರಿಗಾಗಲಿ ಅದರ ಸುಳಿವು ಇರುವುದಿಲ್ಲ.

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ವಾಸಿಸುವ ನಮಗೆ ಹೊರಗಿನ ಸದ್ದು ಹೊಸದಲ್ಲ. ಯಶವಂತಪುರದ ರೈಲುಗಳು, ತುಮಕೂರು ರಸ್ತೆಯ ಲಾರಿಗಳು, ಪೀಣ್ಯದ ಶೆಡ್ಡುಗಳಲ್ಲಿ ತಗಡು ಬಡಿಯುವ ಪ್ರೆಸ್‌ಗಳು ಹಿಂದಿನಿಂದಲೂ ಇದ್ದವು. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ಬಂತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಗೆ ರಾತ್ರಿ ಎಂಬುದೇ ಇಲ್ಲವಾಯಿತು. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ವೈಮಾನಿಕ ಪ್ರದರ್ಶನದ ದಿನಗಳಲ್ಲಿ ಯುದ್ಧವಿಮಾನಗಳು ಮನೆಯ ಕಿಟಕಿಗಳನ್ನು ನಡುಗಿಸುತ್ತವೆ.

ಆದರೆ ಬೀದಿಯ ಸದ್ದಿಗೆ ಒಂದು ಲೆಕ್ಕವಿದೆ. ಕೇಂದ್ರ ಸರಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ದಾಟಬಾರದು. ಪೀಣ್ಯದಂತಹ ಕಡೆ ಸದ್ದನ್ನು ಅಳೆಯುವ ಸರಕಾರಿ ಯಂತ್ರವೂ ಇದೆ. ನಿಯಮ ಪಾಲನೆಯಾಗುತ್ತದೆಯೇ ಎಂಬುದು ಬೇರೆ ಮಾತು. ಮೀಟರ್ ಇದೆ, ಕಾಯಿದೆ ಇದೆ, ದೂರು ಕೊಡಲು ಠಾಣೆ ಇದೆ. ಕಿವಿಯೊಳಗಿನ ಸದ್ದಿಗೆ ಇವು ಮೂರೂ ಇಲ್ಲ.

ಹೊರಗಿನ ಸದ್ದೇ ಎಷ್ಟೋ ವೇಳೆ ಒಳಗಿನ ಸದ್ದಾಗಿ ಉಳಿದುಬಿಡುತ್ತದೆ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಪುಟ್ಟ ಅಂಗವಿದೆ. ಅದರೊಳಗೆ ಸುಮಾರು ಹದಿನೈದು ಸಾವಿರ ಸೂಕ್ಷ್ಮ ರೋಮಕೋಶಗಳು ಸದ್ದನ್ನು ಹಿಡಿದು ನರಕ್ಕೆ ದಾಟಿಸುತ್ತವೆ. ಅತಿಯಾದ ಸದ್ದು, ಮುಪ್ಪು, ಕೆಲವು ಔಷಧಿಗಳು ಇವನ್ನು ಕೊಲ್ಲುತ್ತವೆ. ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಆಗ ಮಿದುಳಿಗೆ ಬರಬೇಕಾದ ಸುದ್ದಿ ಕಡಿಮೆಯಾಗುತ್ತದೆ. ನಿಶ್ಶಬ್ದ ರಾತ್ರಿಯಲ್ಲಿ ಕಾವಲುನಾಯಿ ಕಿವಿ ಇನ್ನಷ್ಟು ನಿಮಿರಿಸುವ ಹಾಗೆ ಮಿದುಳು ತನ್ನ ಆಲಿಸುವ ಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಹಾಗೆ ಏರಿಸಿಕೊಂಡಾಗ ತನ್ನ ನರಗಳ ಒಳಗಿನ ಚಟುವಟಿಕೆಯೇ ಸದ್ದಾಗಿ ಕೇಳಿಸುತ್ತದೆ ಎಂಬುದು ಇಂದು ಬಹುಪಾಲು ವಿಜ್ಞಾನಿಗಳು ಒಪ್ಪುವ ವಿವರಣೆ. ಅಂದರೆ ಇದು ಭ್ರಮೆಯಲ್ಲ. ಮಿದುಳಿನಲ್ಲಿ ನಿಜವಾಗಿಯೂ ನಡೆಯುತ್ತಿರುವ ಕ್ರಿಯೆ. ಆದರೆ ಅದನ್ನು ಹೊರಗಿನವರ ಕಿವಿಗೆ ಕೇಳಿಸುವ ಉಪಾಯವಿಲ್ಲ. ರಕ್ತನಾಳದ ತೊಂದರೆಯಿಂದ ಬರುವ ಕೆಲವು ಅಪರೂಪದ ಸದ್ದುಗಳನ್ನು ಮಾತ್ರ ವೈದ್ಯರು ಸ್ಟೆತಾಸ್ಕೋಪಿನಲ್ಲಿ ಕೇಳಬಲ್ಲರು.

ಹಾಗಾದರೆ ಯಂತ್ರಗಳು ಏನೂ ಮಾಡುವುದಿಲ್ಲವೇ? ಮಾಡುತ್ತವೆ. ಮುಚ್ಚಿದ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿ ಶ್ರವಣಶಕ್ತಿಯನ್ನು ಪರೀಕ್ಷಿಸುತ್ತಾರೆ. ರೋಗಿಗೆ ಕೇಳಿಸುವ ಸದ್ದನ್ನು ಹೋಲುವ ಸ್ವರವನ್ನು ಯಂತ್ರದಿಂದ ನುಡಿಸಿ, ಇದೇ ಏನು, ಇಷ್ಟೇ ಜೋರೇ ಎಂದು ಕೇಳಿ ತಾಳೆ ನೋಡುತ್ತಾರೆ. ಹೀಗೆ ತಾಳೆ ನೋಡಿದವರಿಗೆ ಒಂದು ವಿಚಿತ್ರ ಕಂಡುಬಂತು. ಬಹಳಷ್ಟು ರೋಗಿಗಳ ಒಳಸದ್ದು ಅವರ ಕಿವಿಗೆ ಕೇಳಿಸುವ ಅತಿ ಕ್ಷೀಣ ಸದ್ದಿಗಿಂತ ಕೆಲವೇ ಡೆಸಿಬೆಲ್ ಮೇಲಿರುತ್ತದೆ. ಮೀಟರಿನ ಲೆಕ್ಕದಲ್ಲಿ ಅದು ಪಿಸುಮಾತು. ಅಷ್ಟೇ ಅಲ್ಲ, ಈ ಅಳತೆಗೂ ರೋಗಿಯ ಸಂಕಟಕ್ಕೂ ಸರಿಯಾದ ಹೊಂದಾಣಿಕೆ ಇಲ್ಲ. ಒಂದೇ ಅಳತೆಯ ಸದ್ದಿರುವ ಇಬ್ಬರಲ್ಲಿ ಒಬ್ಬ ನೆಮ್ಮದಿಯಾಗಿ ಅಂಗಡಿ ನಡೆಸಿಕೊಂಡಿರುತ್ತಾನೆ, ಇನ್ನೊಬ್ಬ ನಿದ್ದೆಗೆಟ್ಟು ಕೆಲಸ ಬಿಟ್ಟಿರುತ್ತಾನೆ.

1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯಕರ. ಕಿವಿಯ ದೂರೇ ಇಲ್ಲದ 80 ಮಂದಿಯನ್ನು ಅವರು ಸದ್ದು ಹೊಗದ ಕೋಣೆಯಲ್ಲಿ ಕೆಲವು ನಿಮಿಷ ಕೂರಿಸಿ, ಏನು ಕೇಳಿಸುತ್ತದೆ ಎಂದು ಬರೆಯಲು ಹೇಳಿದರು. ನೂರಕ್ಕೆ 94ರಷ್ಟು ಜನ ಏನೋ ಒಂದು ಸದ್ದು ಕೇಳಿಸಿತೆಂದು ಬರೆದರು. ಗುಂಯ್, ಸುಂಯ್, ಸೀಟಿ, ಹೀಗೆ. ಅಂದರೆ ಪೂರ್ಣ ಮೌನ ನಮ್ಮಲ್ಲಿ ಬಹುತೇಕ ಯಾರಿಗೂ ದಕ್ಕಿದ್ದಲ್ಲ. ಒಳಗೆ ಸದ್ದಿರುವುದೇ ಕಾಯಿಲೆಯಲ್ಲ. ಆ ಸದ್ದು ಮನುಷ್ಯನ ದಿನವನ್ನು ಕಬಳಿಸಿದಾಗ ಅದು ಕಾಯಿಲೆ.

ಈ ತಿಳಿವಳಿಕೆ ಬಂದ ಮೇಲೆ ವಿಜ್ಞಾನ ಒಂದು ವಿನಯದ ಹೆಜ್ಜೆ ಇಟ್ಟಿತು. ಯಂತ್ರವನ್ನು ಪಕ್ಕಕ್ಕಿಟ್ಟು ರೋಗಿಯನ್ನೇ ಕೇಳಲು ಕುಳಿತಿತು. 1996ರಲ್ಲಿ ನ್ಯೂಮನ್, ಜೇಕಬ್‌ಸನ್, ಸ್ಪಿಟ್ಜರ್ ಎಂಬ ಮೂವರು 25 ಪ್ರಶ್ನೆಗಳ ಒಂದು ಪಟ್ಟಿ ತಯಾರಿಸಿದರು. ಜಗತ್ತಿನ ಹಲವು ಭಾಷೆಗಳಿಗೆ ಹೋದ ಪಟ್ಟಿ ಅದು. ಪ್ರತಿ ಪ್ರಶ್ನೆಗೂ ಮೂರೇ ಉತ್ತರ. ಹೌದು ಎಂದರೆ 4 ಅಂಕ, ಕೆಲವೊಮ್ಮೆ ಎಂದರೆ 2, ಇಲ್ಲ ಎಂದರೆ ಸೊನ್ನೆ. ಒಟ್ಟು ನೂರು. 16ರವರೆಗೆ ಅತ್ಯಲ್ಪ, 36ರವರೆಗೆ ಸೌಮ್ಯ, 56ರವರೆಗೆ ಮಧ್ಯಮ, 76ರವರೆಗೆ ತೀವ್ರ, ಅದರಾಚೆಗೆ ಬದುಕನ್ನೇ ಬುಡಮೇಲು ಮಾಡುವಂಥದ್ದು. 2012ರಲ್ಲಿ ಮೇರಿ ಮೈಕಲ್ ಮತ್ತು ಸಂಗಡಿಗರು ಇನ್ನೊಂದು ಪಟ್ಟಿ ತಂದರು. ಅದರಲ್ಲೂ 25 ಪ್ರಶ್ನೆಗಳು. ಕಳೆದ ಒಂದು ವಾರದ ನಿದ್ದೆ, ಏಕಾಗ್ರತೆ, ಕೇಳುವ ಶಕ್ತಿ, ವಿಶ್ರಾಂತಿ, ಮನಸ್ಸಿನ ಸ್ಥಿತಿ ಮುಂತಾದ ಎಂಟು ವಿಭಾಗಗಳಲ್ಲಿ ರೋಗಿಯ ಬದುಕು ಹೇಗಿತ್ತು ಎಂದು ಅದು ವಿಚಾರಿಸುತ್ತದೆ.

ಗಮನಿಸಬೇಕಾದ ಸಂಗತಿ ಏನೆಂದರೆ, ಸದ್ದು ಎಷ್ಟು ಡೆಸಿಬೆಲ್ ಎಂದು ಈ ಪಟ್ಟಿಗಳು ಕೇಳುವುದಿಲ್ಲ. ನಿದ್ದೆ ಬರುತ್ತದೆಯೇ, ಓದಲು ಆಗುತ್ತದೆಯೇ, ಮನೆಯವರ ಮೇಲೆ ಸಿಡುಕುತ್ತೀರಾ, ಕೆಲಸಕ್ಕೆ ಅಡ್ಡಿಯಾಗಿದೆಯೇ ಎಂದು ಕೇಳುತ್ತವೆ. ಒಂದು ಸಂಕಟದ ತೂಕವನ್ನು ಅದು ಕಸಿದುಕೊಂಡ ವಸ್ತುಗಳಿಂದ ತಿಳಿಯಬೇಕು ಎಂಬ ವಿವೇಕ ಇದರಲ್ಲಿದೆ. ಕಳ್ಳ ಎಷ್ಟು ಎತ್ತರ ಇದ್ದನೆಂದು ಗೊತ್ತಿಲ್ಲದಿದ್ದರೂ ಮನೆಯಲ್ಲಿ ಏನೇನು ಹೋಗಿದೆ ಎಂದು ಪಟ್ಟಿ ಮಾಡಬಹುದಲ್ಲ!

ನಮ್ಮ ಸುತ್ತಲಿನ ಮೂವರ ದಿನಗಳನ್ನು ಈ ದೃಷ್ಟಿಯಿಂದ ನೋಡೋಣ. ನನಗೆ ಪರಿಚಯದ ಒಬ್ಬರು ಪೀಣ್ಯದ ಸಣ್ಣ ಶೆಡ್ಡೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪವರ್ ಪ್ರೆಸ್ ಮೇಲೆ ದುಡಿದವರು. ಹಗಲಿನಲ್ಲಿ ಅವರಿಗೆ ತೊಂದರೆಯಿಲ್ಲ. ಯಂತ್ರಗಳ ಗದ್ದಲದಲ್ಲಿ ಒಳಸದ್ದು ಮುಳುಗಿಹೋಗುತ್ತದೆ. ಭಾನುವಾರ ಬಂದರೆ ಭಯ. ರಜೆಯ ದಿನ ಮನೆ ತಣ್ಣಗಾದಾಗ ಕಿವಿಯಲ್ಲಿ ಪ್ರೆಸ್ ಶುರುವಾಗುತ್ತದೆ. ಅವರು ಟಿವಿಯನ್ನು ಜೋರಾಗಿ ಹಾಕುತ್ತಾರೆ, ಮಕ್ಕಳು ರೇಗುತ್ತಾರೆ, ಜಗಳವಾಗುತ್ತದೆ. ಮನೆಯವರ ಕಣ್ಣಿಗೆ ಕಾಣುವುದು ಟಿವಿಯ ಸದ್ದು ಮತ್ತು ಅವರ ಕೋಪ ಮಾತ್ರ.

ಎರಡನೆಯವರು ಆರ್.ಟಿ. ನಗರದ ಒಬ್ಬ ಖಾಲಾ. ಎಪ್ಪತ್ತರ ಹತ್ತಿರದ ವಯಸ್ಸು. ಅವರು ದಿನದಲ್ಲಿ ಅತಿ ಹೆಚ್ಚು ಪ್ರೀತಿಸುತ್ತಿದ್ದದ್ದು ಫಜ್ರ್‌ಗೆ ಮುಂಚಿನ ಆ ತಣ್ಣನೆಯ ಹೊತ್ತನ್ನು. ಮನೆಯವರೆಲ್ಲ ಮಲಗಿರುವಾಗ ತಸ್ಬೀಹ್ ಹಿಡಿದು ಕೂರುವುದು ಅವರಿಗೆ ಸ್ವಂತವೆಂದು ಇದ್ದ ಏಕೈಕ ಸಮಯ. ಕಿವಿಮೊರೆತ ಮೊದಲು ಕಸಿದುಕೊಂಡದ್ದು ಅದನ್ನೇ. ಯಾವುದು ಮೌನವಾಗಿತ್ತೋ ಅದೇ ಈಗ ದಿನದ ಅತಿ ಗದ್ದಲದ ಹೊತ್ತು. 'ನಮಾಜ್‌ನಲ್ಲಿ ನಿಂತರೆ ನನ್ನ ಓದು ನನಗೇ ಕೇಳಿಸೋದಿಲ್ಲ ಬೇಟಾ' ಎಂದು ಅವರು ಹೇಳುತ್ತಾರೆ. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೇಳಿದ ಪ್ರಶ್ನೆಗಳಿಗೆಲ್ಲ ಮಗನೇ ಉತ್ತರ ಕೊಟ್ಟನಂತೆ. ಕೆಲಸಕ್ಕೆ ತೊಂದರೆಯೇ? ಅವರು ಮನೆಯಲ್ಲೇ ಇರೋದು ಸರ್, ಏನೂ ತೊಂದರೆ ಇಲ್ಲ.

ಮೂರನೆಯವರು ಯಲಹಂಕದ ಶಾಲೆಯೊಂದರ ಮೇಡಂ. ತರಗತಿಯಲ್ಲಿ ಹಿಂದಿನ ಬೆಂಚಿನ ಮಗು ಮೆಲ್ಲಗೆ ಉತ್ತರ ಹೇಳಿದರೆ ಅವರಿಗೆ ಅರ್ಧ ಕೇಳಿಸುವುದಿಲ್ಲ. ಮತ್ತೆ ಮತ್ತೆ ಕೇಳಿದರೆ ಮಗು ತಾನು ತಪ್ಪು ಹೇಳಿದೆನೆಂದು ಹೆದರಿ ಸುಮ್ಮನಾಗುತ್ತದೆ. ರಾತ್ರಿ ಉತ್ತರ ಪತ್ರಿಕೆ ತಿದ್ದಲು ಕೂತರೆ ಒಂದೇ ಸಾಲನ್ನು ಮೂರು ಸಲ ಓದಬೇಕು. ಕೆಲಸ ಹೋದೀತೆಂಬ ಅಂಜಿಕೆಯಿಂದ ಅವರು ಶಾಲೆಯಲ್ಲಿ ಯಾರಿಗೂ ಹೇಳಿಲ್ಲ.

ಈ ಮೂವರನ್ನು ಒಂದೇ ಪಟ್ಟಿಯಿಂದ ಅಳೆಯಬಹುದೇ? ಅಮೆರಿಕದ ಆ ಪಟ್ಟಿಯಲ್ಲಿ ಹೊರಗೆ ಊಟಕ್ಕೆ ಹೋಗುವುದು, ಸಿನಿಮಾಕ್ಕೆ ಹೋಗುವುದು ಕಷ್ಟವಾಗಿದೆಯೇ ಎಂಬ ಪ್ರಶ್ನೆ ಇದೆ. ನಮ್ಮ ಖಾಲಾ ಹೋಟೆಲಿಗೂ ಹೋಗುವವರಲ್ಲ, ಸಿನಿಮಾಕ್ಕೂ ಹೋಗುವವರಲ್ಲ. ಅಲ್ಲಿ ಅವರಿಗೆ ಸೊನ್ನೆ. ಫಜ್ರ್‌ನ ಮೌನ ಕಳೆದುಹೋದದ್ದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಜಪಕ್ಕೆ ಕೂರುವ ಅಜ್ಜಿಗೂ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗಬೇಕಾದ ಡ್ರೈವರಿಗೂ, ಒಂದೇ ಕೋಣೆಯ ಮನೆಯಲ್ಲಿ ಆರು ಜನರ ನಡುವೆ ನಿದ್ದೆ ಹುಡುಕುವ ಕೂಲಿಯವನಿಗೂ ಇದೇ ಮಾತು. ಪಟ್ಟಿಯ ಭಾಷೆಯನ್ನು ಬದಲಿಸಿದರೆ ಸಾಲದು, ಅದರೊಳಗಿನ ದಿನವನ್ನೂ ಬದಲಿಸಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಹೊರಬಂದ ಶ್ರವಣತಜ್ಞರು ಇಂದು ಎಲ್ಲ ಕಡೆ ಇದ್ದಾರೆ. ಪಟ್ಟಿ ಹಿಡಿದು ಕುಳಿತಾಗ ಅವರು ಒಂದು ಪ್ರಶ್ನೆಯನ್ನು ಹೆಚ್ಚಾಗಿ ಸೇರಿಸಿಕೊಂಡರೆ ಚೆನ್ನ: ನಿಮ್ಮ ದಿನದಲ್ಲಿ ನಿಮಗೆ ಎಲ್ಲಕ್ಕಿಂತ ಪ್ರಿಯವಾದ ಹೊತ್ತು ಯಾವುದು? ಅದು ಈಗ ಹೇಗಿದೆ? ಮತ್ತು ಈ ಪ್ರಶ್ನೆಗೆ ಉತ್ತರ ರೋಗಿಯ ಬಾಯಿಂದಲೇ ಬರಬೇಕು, ಜೊತೆಗೆ ಬಂದ ಮಗನ ಬಾಯಿಂದಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹುಸಿ ಆಕ್ಷೇಪವೂ ಅಲ್ಲ. ರೋಗಿಯ ಮಾತನ್ನೇ ನಂಬುವುದಾದರೆ ಸುಳ್ಳು ಹೇಳುವವರನ್ನು ತಡೆಯುವುದು ಹೇಗೆ? ಪರಿಹಾರದ ಹಣ, ರಜೆ, ರಿಯಾಯಿತಿ ಸಿಗುತ್ತದೆ ಎಂದಾದರೆ ಕಿವಿ ಗುಂಯ್‌ಗುಟ್ಟುವವರ ಸಾಲು ಉದ್ದವಾಗುವುದಿಲ್ಲವೇ? ನಮ್ಮ ಕಾನೂನು ಈ ಭಯದಿಂದಲೋ ಏನೋ, ಅಳೆಯಬಹುದಾದುದನ್ನು ಮಾತ್ರ ನಂಬುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ಶ್ರವಣನಷ್ಟ ಇದ್ದರೆ ಮಂದಶ್ರವಣ, 70 ತಲುಪಿದರೆ ಕಿವುಡು. 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯಿದೆಯಲ್ಲಿ ಸದ್ದಿನಿಂದಾಗುವ ಶ್ರವಣನಷ್ಟ ಸರಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಅಲ್ಲಿಯವರೆಗೇ ಇದ್ದ 1923ರ ಕಾರ್ಮಿಕ ಪರಿಹಾರ ಕಾಯಿದೆಯೂ ಸದ್ದಿನಿಂದ ಕಿವಿ ಕೆಡುವುದನ್ನು ಗುರುತಿಸುತ್ತಿತ್ತು. ಇವೆಲ್ಲ ಒಳ್ಳೆಯವೇ. ಆದರೆ ಇವೆಲ್ಲ ಲೆಕ್ಕ ಹಾಕುವುದು ಕಿವಿಗೆ ಕೇಳಿಸದೆ ಹೋದುದನ್ನು. ಕೇಳಬಾರದ್ದು ಕೇಳಿಸುತ್ತಿದೆ ಎಂಬುದು ಲೆಕ್ಕಕ್ಕಿಲ್ಲ. ಪೀಣ್ಯದ ಆ ಪ್ರೆಸ್ಸಿನವರಿಗೆ ಶ್ರವಣನಷ್ಟ 60 ಮುಟ್ಟದಿದ್ದರೆ, ಅವರ ಭಾನುವಾರಗಳು ಸುಟ್ಟುಹೋಗಿದ್ದರೂ, ಕಾಗದದ ಮೇಲೆ ಅವರು ಆರೋಗ್ಯವಂತರು.

ಅಮೆರಿಕದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆ ಸಿಗುತ್ತದೆ. ಅಲ್ಲಿನ ಮಾಜಿ ಸೈನಿಕರ ಇಲಾಖೆ ಕಿವಿಮೊರೆತವನ್ನು ನೂರಕ್ಕೆ ಹತ್ತರಷ್ಟು ವೈಕಲ್ಯವೆಂದು ಪರಿಗಣಿಸಿ ಪರಿಹಾರ ಕೊಡುತ್ತ ಬಂದಿದೆ. ಒಂದು ಕಿವಿಗೂ ಹತ್ತು, ಎರಡಕ್ಕೂ ಹತ್ತು. ಪರಿಹಾರ ಪಡೆಯುವ ಮಾಜಿ ಸೈನಿಕರಲ್ಲಿ ಅತಿ ಹೆಚ್ಚು ಮಂದಿಗೆ ಮಂಜೂರಾಗಿರುವ ತೊಂದರೆ ಇದೇ. ಅವರಲ್ಲಿ ಕೆಲವರು ಸುಳ್ಳು ಹೇಳಿರಬಹುದು. ಆದರೂ ಬಂದೂಕು, ವಿಮಾನಗಳ ನಡುವೆ ಬದುಕಿದವನ ಮಾತಿಗೆ ಬೆಲೆಯಿದೆ ಎಂದು ಆ ದೇಶ ಒಪ್ಪಿಕೊಂಡಿತು. ಅಲ್ಲಿಯ ಕೊರತೆ ಬೇರೆ. ನಿದ್ದೆ ಕೆಟ್ಟವನಿಗೂ ಕೆಡದವನಿಗೂ ಒಂದೇ ಹತ್ತು. ನಮ್ಮ ಕಾಯಿದೆ ಅಳೆಯುತ್ತದೆ, ನಂಬುವುದಿಲ್ಲ. ಅವರ ಕಾಯಿದೆ ನಂಬುತ್ತದೆ, ಅಳೆಯುವುದಿಲ್ಲ. ದಿನನಿತ್ಯದ ಬದುಕಿನ ಬಗ್ಗೆ ಕೇಳುವ ಪ್ರಶ್ನಾವಳಿ ಇವೆರಡರ ನಡುವಿನ ದಾರಿ. ಹಣದ ವಿಷಯ ಬಂದಾಗ ದುಡಿದ ಜಾಗದ ಸದ್ದು, ದುಡಿದ ವರ್ಷಗಳು, ಶ್ರವಣಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಅದರ ಜೊತೆಗಿಟ್ಟು ತೂಗಬಹುದು.

ಆದರೆ ನಮ್ಮಲ್ಲಿ ಬಹುತೇಕರ ಮುಂದೆ ಇರುವುದು ಹಣದ ಪ್ರಶ್ನೆಯಲ್ಲ. ಮನೆಯವರಿಂದ, ನೆರೆಯವರಿಂದ ಈ ರೋಗಿಗಳು ಬೇಡುವುದು ಪರಿಹಾರವನ್ನಲ್ಲ, ಒಂದಿಷ್ಟು ನಂಬಿಕೆಯನ್ನು. ಅಲ್ಲಿ ಒಬ್ಬ ಸುಳ್ಳುಗಾರನನ್ನು ನಂಬಿದರೆ ಆಗುವ ನಷ್ಟ ಎಷ್ಟು? ಟಿವಿಯ ಸದ್ದು ಒಂದಿಷ್ಟು ಹೆಚ್ಚಾಗಬಹುದು. ಒಬ್ಬ ನಿಜವಾದ ನೊಂದವನನ್ನು ನಂಬದಿದ್ದರೆ ಆಗುವ ನಷ್ಟ? ಅವನು ತನ್ನ ಮನೆಯಲ್ಲೇ ಪರದೇಶಿಯಾಗುತ್ತಾನೆ. ಈ ಎರಡು ತಪ್ಪುಗಳು ಸಮವಲ್ಲ. ಎರಡರಲ್ಲಿ ಒಂದು ಆಗಿಯೇ ತೀರುವುದಾದರೆ ಮೊದಲನೆಯ ತಪ್ಪೇ ಆಗಲಿ ಎನ್ನುವುದು ನ್ಯಾಯ.

ಈ ವಿವೇಕ ನಮ್ಮ ಪರಂಪರೆಗೆ ಅಪರಿಚಿತವೇನಲ್ಲ. ಸಾಲದ ವ್ಯವಹಾರಕ್ಕೆ ಇಬ್ಬರು ಸಾಕ್ಷಿಗಳಿರಲಿ ಎಂದು ಕುರ್‌ಆನ್ ಹೇಳುತ್ತದೆ. ಆದರೆ ಒಬ್ಬರಿಗೆ ಮಾತ್ರ ತಿಳಿಯಬಹುದಾದ ಸಂಗತಿಗಳಲ್ಲಿ, ಉದಾಹರಣೆಗೆ ವಿಚ್ಛೇದನದ ನಂತರದ ಇದ್ದತ್ ಕಾಲದಲ್ಲಿ ಹೆಣ್ಣಿನ ಮುಟ್ಟು, ಗರ್ಭಗಳ ವಿಷಯದಲ್ಲಿ, ಆಕೆಯ ಮಾತನ್ನೇ ಸ್ವೀಕರಿಸಬೇಕೆಂದು ಧರ್ಮಶಾಸ್ತ್ರಜ್ಞರು ಹೇಳಿದ್ದಾರೆ. ಜೊತೆಗೆ ಸತ್ಯವನ್ನು ಮುಚ್ಚಿಡಬಾರದೆಂಬ ಹೊಣೆಯನ್ನೂ ಆಕೆಯ ಮೇಲೆ ಹೊರಿಸಲಾಗಿದೆ. ನಿಂತು ನಮಾಜ್ ಮಾಡಲಾಗದವನು ಕುಳಿತು ಮಾಡಲಿ ಎಂಬ ರಿಯಾಯಿತಿ ಇದೆ. ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಯಾವುದೇ ಮಸೀದಿಗೆ ಹೋಗಿ ನೋಡಿ. ಸಾಲಿನ ತುದಿಯಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಿರುತ್ತವೆ. ಅವುಗಳಲ್ಲಿ ಕುಳಿತವರಿಂದ ಮಂಡಿಯ ಎಕ್ಸ್‌ರೇಯನ್ನು ಇಮಾಮರಾಗಲಿ ಪಕ್ಕದವರಾಗಲಿ ಕೇಳುವುದಿಲ್ಲ. ಮಂಡಿಯ ವಿಷಯದಲ್ಲಿ ನಾವು ತೋರಿಸುವ ಈ ಸಭ್ಯತೆಯನ್ನು ಕಿವಿಯ ವಿಷಯದಲ್ಲಿ ತೋರಿಸಲು ಏನು ಅಡ್ಡಿ?

ಹಾಗಿದ್ದರೂ ನಂಬುವುದರಲ್ಲೂ ಒಂದು ಅಪಾಯವಿದೆ. ಪ್ರೀತಿಯ ಮಗಳೊಬ್ಬಳು ದಿನಾ ಬೆಳಿಗ್ಗೆ, 'ಅಬ್ಬಾ, ಇವತ್ತು ಸದ್ದು ಎಷ್ಟಿದೆ?' ಎಂದು ಕೇಳುತ್ತಾಳೆ ಎಂದಿಟ್ಟುಕೊಳ್ಳಿ. ಆ ಪ್ರಶ್ನೆ ಬರುವವರೆಗೂ ಅದನ್ನು ಮರೆತಿದ್ದ ತಂದೆ ಆ ಕ್ಷಣ ಕಿವಿಗೊಟ್ಟು ಹುಡುಕುತ್ತಾನೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ. 1990ರಲ್ಲಿ ಪಾವೆಲ್ ಯಾಸ್ಟ್ರೆಬಾಫ್ ಎಂಬ ವಿಜ್ಞಾನಿ ಮಂಡಿಸಿದ ವಿವರಣೆಯ ತಿರುಳು ಇದು: ಸದ್ದು ಹುಟ್ಟುವುದು ಕಿವಿ ಮತ್ತು ನರಗಳ ದೋಷದಿಂದ ಇರಬಹುದು, ಆದರೆ ಅದು ಹಿಂಸೆಯಾಗುವುದು ಮಿದುಳಿನ ಗಮನ ಮತ್ತು ಭಯಗಳ ಜಾಲ ಅದನ್ನು ಹಿಡಿದುಕೊಂಡಾಗ. ಮಿದುಳು ಅಪಾಯವಲ್ಲವೆಂದು ಗುರುತಿಸಿದ ಸದ್ದನ್ನು ಬಿಟ್ಟುಕೊಡುತ್ತದೆ. ಯಶವಂತಪುರದಲ್ಲಿ ರೈಲು ಹಳಿಯ ಪಕ್ಕ ಮನೆಯಿರುವವರು ರೈಲಿಗೆ ಎಚ್ಚರಗೊಳ್ಳುವುದಿಲ್ಲ, ಮಗು ಅತ್ತರೆ ಎಚ್ಚರಗೊಳ್ಳುತ್ತಾರೆ. ಅವರ ಕಿವಿ ಕೆಟ್ಟಿಲ್ಲ, ಮನಸ್ಸು ಆರಿಸಿಕೊಳ್ಳುತ್ತಿದೆ.

ಆದ್ದರಿಂದಲೇ ಸದ್ದಿನ ಬಗ್ಗೆ ಕೇಳುವುದಕ್ಕೂ ದಿನದ ಬಗ್ಗೆ ಕೇಳುವುದಕ್ಕೂ ವ್ಯತ್ಯಾಸವಿದೆ. ರಾತ್ರಿ ನಿದ್ದೆ ಬಂತೇ, ಇವತ್ತು ಹೊರಗೆ ಹೋಗಿ ಬರೋಣವೇ, ಫ್ಯಾನ್ ಹಾಕಿಡಲೇ, ರೇಡಿಯೋ ಮೆಲ್ಲಗೆ ಹಚ್ಚಿಡಲೇ ಎಂಬ ಪ್ರಶ್ನೆಗಳು ಮನುಷ್ಯನನ್ನು ಅವನ ಸದ್ದಿನಿಂದ ಹೊರಗೆ, ಅವನ ಬದುಕಿನ ಕಡೆಗೆ ಕರೆಯುತ್ತವೆ. ಯೋಚನೆಯ ಕ್ರಮವನ್ನು ತಿದ್ದುವ ಮಾತಿನ ಚಿಕಿತ್ಸೆ ಮಾಡುವುದೂ ಇದನ್ನೇ. ಅದು ಕಿವಿಮೊರೆತ ಬದುಕಿನ ಮೇಲೆ ಬೀರುವ ಪರಿಣಾಮವನ್ನು ತಗ್ಗಿಸಬಹುದೆಂದು 2020ರ ಕಾಕ್ರೇನ್ ಸಮೀಕ್ಷೆ ಕಂಡುಕೊಂಡಿದೆ. ಅದು ಸದ್ದನ್ನು ಅಳಿಸುವುದಿಲ್ಲ, ಸದ್ದಿನ ಹಿಡಿತವನ್ನು ಸಡಿಲಿಸುತ್ತದೆ. ಶ್ರವಣನಷ್ಟ ಇದ್ದವರಿಗೆ ಶ್ರವಣ ಸಾಧನದಿಂದಲೂ ಹಲವು ವೇಳೆ ನೆಮ್ಮದಿ ಸಿಗುತ್ತದೆ.

ಆಸ್ಪತ್ರೆಯಲ್ಲಿ ಈ ರೋಗಿಗಳು ಅತಿ ಹೆಚ್ಚು ಕೇಳುವ ಮಾತು, 'ಇದಕ್ಕೆ ಔಷಧಿ ಇಲ್ಲ, ಹೊಂದಿಕೊಂಡು ಹೋಗಿ' ಎಂಬುದು. ಒಂದು ಅರ್ಥದಲ್ಲಿ ಇದು ಸತ್ಯ. ಸದ್ದನ್ನು ನಿಲ್ಲಿಸುವ ಮಾತ್ರೆ ಇಂದಿಗೂ ಇಲ್ಲ. ಹೊಂದಿಕೊಳ್ಳುವುದೇ ಚಿಕಿತ್ಸೆಯ ಗುರಿ. ಆದರೆ ಅದೇ ಮಾತನ್ನು ಕೇಸಿನ ಹಾಳೆ ಮಡಚುತ್ತ ಹೇಳಿದರೆ ಅದು ಹೊರಗೆ ಹೋಗು ಎಂಬ ಸೂಚನೆ. ರೋಗಿಯ ದಿನದ ಬಗ್ಗೆ ಹತ್ತು ನಿಮಿಷ ಕೇಳಿ ತಿಳಿದು, ಹೇಗೆ ಹೊಂದಿಕೊಳ್ಳಬಹುದೆಂದು ದಾರಿ ತೋರಿಸಿ ಹೇಳಿದರೆ ಅದೇ ಮಾತು ಚಿಕಿತ್ಸೆ. ಪದಗಳು ಒಂದೇ. ನಡುವೆ ಇರುವುದು ಆ ಹತ್ತು ನಿಮಿಷ.

ಇಲ್ಲಿ ನೊಂದವರ ಮೇಲೂ ಒಂದು ಹೊಣೆ ಇದೆ. ಒಬ್ಬನೇ ಸಾಕ್ಷಿಯಾದವನು ಸಾಕ್ಷಿ ಹೇಳದೆ ಸುಮ್ಮನಿದ್ದರೆ ನ್ಯಾಯ ಸಿಗುವುದು ಹೇಗೆ? ಕಿವಿಯ ಸದ್ದು ನಾಡಿಮಿಡಿತದ ತಾಳಕ್ಕೆ ಬಡಿಯುತ್ತಿದ್ದರೆ, ಒಂದೇ ಕಿವಿಯಲ್ಲಿ ಇದ್ದರೆ, ಕೇಳುವಿಕೆ ಇದ್ದಕ್ಕಿದ್ದಂತೆ ಕುಗ್ಗಿದ್ದರೆ, ತಲೆಸುತ್ತು ಜೊತೆಗಿದ್ದರೆ ತಡಮಾಡದೆ ಕಿವಿಯ ವೈದ್ಯರನ್ನು ಕಾಣಬೇಕು. ಕೆಲವೊಮ್ಮೆ ಅದು ಬೇರೊಂದು ಕಾಯಿಲೆಯ ಸೂಚನೆ. ಕೆಲವೊಮ್ಮೆ ಗುಗ್ಗೆ ತೆಗೆಸಿದರೆ ಸರಿಹೋಗುವಷ್ಟು ಸಣ್ಣ ವಿಷಯವೂ ಆಗಿರಬಹುದು. ಪ್ರೆಸ್, ಗ್ರೈಂಡರ್, ಜನರೇಟರ್‌ಗಳ ನಡುವೆ ದುಡಿಯುವ ಯುವಕರು ಕಿವಿಗೆ ರಕ್ಷಣೆ ಹಾಕಿಕೊಳ್ಳಬೇಕು, ಮಾಲೀಕರು ಅದನ್ನು ಕೊಡಬೇಕು. ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ಮಿತಿ ಎಂದು ನಮ್ಮ ಕಾರ್ಖಾನೆ ನಿಯಮಗಳಿವೆ. ಆ ಮಿತಿಯೂ ಕಿವಿಗೆ ಪೂರ್ಣ ಕ್ಷೇಮವಲ್ಲ, ತಜ್ಞರು 85ರಿಂದಲೇ ಎಚ್ಚರಿಸುತ್ತಾರೆ. ಹೋದ ರೋಮಕೋಶ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು.

ಕಥೆ ಬರೆಯುವವರಿಗೆ ಈ ಕಾಯಿಲೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಇನ್ನೊಬ್ಬರ ಒಳಗನ್ನು ನಾವು ನೇರವಾಗಿ ಕೇಳಲಾರೆವು. ಹಸಿವು, ಅವಮಾನ, ವಿರಹ, ಭಯ ಯಾವುದನ್ನೂ ಇನ್ನೊಬ್ಬರ ಎದೆಗೆ ಕಿವಿಯಿಟ್ಟು ಅಳೆದವರಿಲ್ಲ. ಕಿವಿಮೊರೆತ ಆ ಸತ್ಯವನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ, ಅಷ್ಟೇ. ಒಂದು ಸಮುದಾಯ ತಾನು ಕೇಳದ ನೋವನ್ನು ಇನ್ನೊಂದು ಸಮುದಾಯದಿಂದ ಕೇಳಿದಾಗಲೂ, 'ಅದೆಲ್ಲ ನಿಮ್ಮ ಭ್ರಮೆ' ಎಂದು ಹೇಳುವುದನ್ನು ನಾವು ಕಂಡಿದ್ದೇವೆ. ಮೀಟರಿಗೆ ಸಿಗದ ನೋವೆಲ್ಲ ಸುಳ್ಳಾದರೆ ಜಗತ್ತಿನ ಬಹುಪಾಲು ನೋವು ಸುಳ್ಳಾಗುತ್ತದೆ.

ಆರ್.ಟಿ. ನಗರದ ಆ ಖಾಲಾಗೆ ಈಗ ಸೊಸೆಯೊಬ್ಬಳು ಜೊತೆಯಾಗಿದ್ದಾಳೆ. ಅವಳು ಫಜ್ರ್‌ಗೆ ಸ್ವಲ್ಪ ಮೊದಲೇ ಎದ್ದು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ಬಿಂದಿಗೆ ತುಂಬುತ್ತಾಳೆ. ನೀರು ಬೀಳುವ ಸಣ್ಣ ಸದ್ದಿನಲ್ಲಿ ಅತ್ತೆಯ ಕಿವಿಯ ಸದ್ದು ಒಂದಿಷ್ಟು ಕರಗುತ್ತದೆ. ಅವಳು ಆ ಸದ್ದನ್ನು ಎಂದೂ ಕೇಳಿಲ್ಲ, ಕೇಳುವುದೂ ಇಲ್ಲ. ಅತ್ತೆ ಹೇಳಿದ್ದನ್ನು ನಂಬಿದ್ದಾಳೆ, ಅಷ್ಟೆ.